ಪೇಪರ್ ತಿದ್ದುವವರು ಯಾರು?

ಪರೀಕ್ಷೆ ಬರೆದ ಹುಡುಗನ ಕೈಗೇ ಪೇಪರ್ ಕೊಟ್ಟು, 'ನೀನೇ ತಿದ್ದು, ನೀನೇ ಮಾರ್ಕ್ಸ್ ಹಾಕ್ಕೋ' ಅಂದ್ರೆ ಏನಾಗುತ್ತೆ? ಯಾರೂ ಫೇಲ್ ಆಗಲ್ಲ. ನಮ್ಮ ಹೆದ್ದಾರಿಗಳ ಕಥೆ ಇದೇ.

ಮೊದಲು ರೈಲು ನೋಡಿ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಗೂಡ್ಸ್ ರೈಲಿಗೆ ಅಪ್ಪಳಿಸಿತು. 290ಕ್ಕೂ ಹೆಚ್ಚು ಜನ ಸತ್ತರು. ಸುರಕ್ಷತಾ ತನಿಖೆ ಮಾಡಿದ್ದು ರೈಲ್ವೆ ಸುರಕ್ಷತಾ ಆಯುಕ್ತರು. ಇವರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿ ಬರ್ತಾರೆ. ಯಾಕೆ ಗೊತ್ತಾ? ರೈಲು ಓಡಿಸುವವರೇ ತಮ್ಮ ತಪ್ಪಿಗೆ ತೀರ್ಪು ಬರೆಯಬಾರದು ಅಂತ. ಸಿಗ್ನಲ್ ವೈರಿಂಗ್ ಬದಲಿಸುವಾಗ ಆದ ಲೋಪವನ್ನು ಅವರ ವರದಿ ನೇರವಾಗಿ ಹೇಳಿತು.

ಹಾಗಂತ ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗೋದರಲ್ಲಿತ್ತು. ಲೋಕೋ ಪೈಲಟ್ ಕಣ್ಣಿಗೆ ಬಿತ್ತು, ರೈಲು ನಿಂತಿತು. ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿ ಪತ್ರ ಬರೆದು, ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ ಅಂತ ಎಚ್ಚರಿಸಿದರು. ನಾಲ್ಕು ತಿಂಗಳು ತುಂಬುವ ಮೊದಲೇ ಬಾಲಸೋರ್ ಆಯಿತು.

ಈಗ ರಸ್ತೆಗೆ ಬನ್ನಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ. 2ರಷ್ಟು, ಸಾವಿನಲ್ಲಿ ಶೇ. 36. ಹೆದ್ದಾರಿ ಕಟ್ಟಿಸೋದು ಪ್ರಾಧಿಕಾರ, ಟೋಲ್ ವಸೂಲಿ ಅದರ ಹೆಸರಲ್ಲಿ, ಸುರಕ್ಷತಾ ಆಡಿಟ್ ವರದಿ ಬರೋದೂ ಅದರ ಮೇಜಿಗೇ.

ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಒಂದು ವಾರದೊಳಗೆ ಮಳೆ ಬಂದು ರಾಮನಗರದ ಬಳಿ ನೀರು ನಿಂತಿತು. ಅಪಘಾತಗಳ ಮೇಲೆ ಅಪಘಾತ. ಬೈಕ್, ಆಟೋ, ಟ್ರ್ಯಾಕ್ಟರ್ ನಿಷೇಧ ಜಾರಿಯಾದಾಗ ಆಗಸ್ಟ್ 1. ಮೊದಲು ರಸ್ತೆ ತೆರೆದರು, ಆಮೇಲೆ ಸುರಕ್ಷತೆ ಯೋಚಿಸಿದರು. ಬೆಂಗಳೂರಿನ ಮೆಟ್ರೋ ನೋಡಿ. ಹೊಸ ಮಾರ್ಗ ಸಿದ್ಧವಾದರೂ ಸುರಕ್ಷತಾ ಆಯುಕ್ತರು ಒಪ್ಪುವ ತನಕ ಒಬ್ಬ ಪ್ರಯಾಣಿಕನೂ ಹತ್ತುವಂತಿಲ್ಲ. ಹೆದ್ದಾರಿಗೆ ಅಂಥ ಆಯುಕ್ತರು ಎಲ್ಲಿದ್ದಾರೆ?

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿ ಇದೆ. ಅದರ ಕೆಲಸ ಸಲಹೆ ಕೊಡೋದು. ಸಲಹೆ ಕೇಳದಿದ್ದರೆ? ಬ್ರಿಟನ್‌ನಲ್ಲಿ ರೈಲ್ವೆಯ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆಗೇ 2015ರಿಂದ ಇಂಗ್ಲೆಂಡಿನ ಮುಖ್ಯ ರಸ್ತೆಗಳನ್ನು ನಡೆಸುವ ಕಂಪನಿಯ ಕಾರ್ಯಕ್ಷಮತೆ ಅಳೆಯುವ ಹೊಣೆಯನ್ನೂ ಕೊಟ್ಟಿದ್ದಾರೆ. ದಂಡ ಹಾಕುವ ಅಧಿಕಾರವೂ ಇದೆ. ನಮಗೂ ಬೇಕಿರೋದು ಅಂಥ ಹಲ್ಲಿರುವ ಸಂಸ್ಥೆ.

ಹೆದ್ದಾರಿ ಉದ್ಘಾಟನೆ ಅಂದ್ರೆ ನಮ್ಮ ಚಾನೆಲ್‌ಗಳಿಗೂ ಹಬ್ಬ. ಡ್ರೋನ್ ಚಿತ್ರ, 75 ನಿಮಿಷದ ಪ್ರಯಾಣದ ಲೆಕ್ಕ, ಎಲ್ಲ ತೋರಿಸ್ತೀವಿ. 'ಇದು ಸುರಕ್ಷಿತ ಅಂತ ಸಹಿ ಹಾಕಿದ್ದು ಯಾರು' ಅಂತ ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದೂ ಹೌದು. ಮುಂದಿನ ರಿಬ್ಬನ್ ಕತ್ತರಿಸುವ ಮೊದಲು ಕೇಳೋಣ. ಯಾಕಂದ್ರೆ ಆ ರಸ್ತೆಯಲ್ಲಿ ಹೋಗೋದು ನಿಮ್ಮ ಮಕ್ಕಳು, ನನ್ನ ಮಕ್ಕಳು.

ಯೋಚನೆ ಮಾಡಿ.