ಕೆಟ್ಟಿತು, ಸರಿ, ಹೇಗೆ ಕೆಟ್ಟಿತು?

ಬೇಸಿಗೆಯ ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಒಡೆದುಹೋಗುತ್ತದೆ. "ಹಾಲು ಇದ್ದಕ್ಕಿದ್ದಂತೆ ಕೆಟ್ಟಿತು" ಎನ್ನುತ್ತೇವೆ. ಇಲ್ಲಿ 'ಇದ್ದಕ್ಕಿದ್ದಂತೆ' ಎಂಬ ಕ್ರಿಯಾವಿಶೇಷಣ ನಿಜ ಹೇಳುತ್ತಿಲ್ಲ. ರಾತ್ರಿಯಿಡೀ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತಿದ್ದವು. ಪಿಎಚ್ 4.6ರ ಹತ್ತಿರ ಬಂದರೆ ಕೇಸೀನ್ ಎಂಬ ಪ್ರೋಟೀನು ಬಿಸಿಯಿಲ್ಲದೆಯೂ ಗರಣೆಗಟ್ಟುತ್ತದೆ. ಅಷ್ಟು ಹುಳಿಯಾಗದ ಹಾಲೂ ಕಾಯಿಸಿದಾಗ ಒಡೆಯುತ್ತದೆ. ಆದ್ದರಿಂದ ಹಾಲು ಮೆಲ್ಲಮೆಲ್ಲನೆ ಕೆಟ್ಟಿತು, ಥಟ್ಟನೆ ಒಡೆಯಿತು. ಎರಡು ಕ್ರಿಯಾಪದ, ಎರಡು ವೇಗ.

ಎಣ್ಣೆಯ ದಾರಿ ಬೇರೆ. ಗಾಳಿಯ ಆಮ್ಲಜನಕದೊಡನೆ ನಡೆಯುವ ಸರಪಳಿ ಕ್ರಿಯೆ ಅದು: ಬಹುಕಾಲ ಗೊತ್ತೇ ಆಗದಂತೆ, ಆಮೇಲೆ ಬಿರುಸಾಗಿ. ಕಮಟು ವಾಸನೆ ಮೂಗಿಗೆ ಬಡಿಯುವುದು ಕೊನೆಗೆ. ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ. ಕನ್ನಡದಲ್ಲಿ ಅರ್ಧ ಕೆಲಸವನ್ನು ಕ್ರಿಯಾಪದವೇ ಮಾಡಿಬಿಡುತ್ತದೆ. (ಪರೀಕ್ಷೆಯಲ್ಲಿ 'ಅನ್ನ ಸಂಪೂರ್ಣವಾಗಿ ಹಳಸಿತು' ಎಂದು ಬರೆದರೆ ಆ 'ಸಂಪೂರ್ಣವಾಗಿ' ದಂಡ.)

ಮನುಷ್ಯರ ವಿಷಯಕ್ಕೆ ಬಂದಾಗ ಎಚ್ಚರ ಬೇಕು. "ಹುಡುಗ ಪೂರ್ತಿ ಕೆಟ್ಟುಹೋದ" ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಒಡೆದ ಹಾಲಿಗೆ 'ಪೂರ್ತಿ' ಸಲ್ಲುತ್ತದೆ, ಅದು ಮತ್ತೆ ಮೊದಲಿನ ಹಾಲಾಗದು. ಹದಿನೈದು ವರ್ಷದ ಹುಡುಗನಿಗೆ? ಅಜ್ಜಿಯ ಮುದ್ದಿನಿಂದ ಹಟಮಾರಿಯಾದವನನ್ನೂ ದುಶ್ಚಟಕ್ಕೆ ಬಿದ್ದವನನ್ನೂ ಅದೊಂದೇ ಮಾತಿನಲ್ಲಿ ಸುತ್ತಿಬಿಡುತ್ತೇವೆ. 'ಮುದ್ದಿನಿಂದ ಕೆಟ್ಟ' ಎಂದರೆ ಕಾರಣವಾದರೂ ಸಿಗುತ್ತದೆ. 'ಇತ್ತೀಚೆಗೆ' ಎಂದರೆ ಕಾಲ. 'ಪೂರ್ತಿ' ಎಂದರೆ ಬರೀ ತೀರ್ಪು. ಊರಿನವರು ನೆನಪಿಟ್ಟುಕೊಳ್ಳುವುದು ಅದನ್ನೇ. ಅವನು ಕೆಲಸ ಕೇಳಲು ಹೋದಲ್ಲಿಗೆ ಆ ಮಾತು ಮೊದಲೇ ತಲುಪಿರುತ್ತದೆ.