ಯಂತ್ರ ಬಂತು, ವಾಯಿದೆ ಹೋಯಿತೆ?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ವಾಯಿದೆ ಎಂಬ ಮಾತಿನ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಗಿರಣಿಯ ಕೆಲಸಗಾರ ಒಂದು ಪಾಳಿಯ ಕೂಲಿ ಬಿಟ್ಟು, ಅಂಗಡಿಯವನು ಬಾಗಿಲಿಗೆ ಬೀಗ ಹಾಕಿ, ಬೆಳಿಗ್ಗೆಯೇ ಹೋಗಿ ಕೋರ್ಟಿನ ಜಗಲಿಯಲ್ಲಿ ನಿಲ್ಲುತ್ತಾನೆ. ಹೆಸರು ಕೂಗುವುದನ್ನೇ ಕಾಯುತ್ತಾನೆ. ಕೊನೆಗೆ ಅವನಿಗೆ ಸಿಕ್ಕುವುದು ಇನ್ನೊಂದು ತಾರೀಖು. ಹೋದ ಕೂಲಿ, ಹೋದ ವ್ಯಾಪಾರ ಯಾವ ತೀರ್ಪಿನ ಲೆಕ್ಕಕ್ಕೂ ಬರುವುದಿಲ್ಲ.

ಈಗ ಕೋರ್ಟುಗಳಿಗೆ ಯಂತ್ರ ಬಂದಿದೆ, ಇನ್ನು ಈ ಕಷ್ಟ ತೀರಿತು ಎನ್ನುತ್ತಾರೆ. ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಇಂದು ವಿಚಾರಿಸೋಣ. ನಾವು ಯಂತ್ರದ ವಿರೋಧಿಗಳಲ್ಲ. ಯಂತ್ರದ ಮುಂದೆ ನಿಂತು ಅನ್ನ ದುಡಿಯುವವರು ಅದನ್ನು ದ್ವೇಷಿಸಲಾರರು. ನಮ್ಮ ಪ್ರಶ್ನೆ ಒಂದೇ: ಈ ಯಂತ್ರ ಯಾರ ಹೊತ್ತನ್ನು ಉಳಿಸುತ್ತದೆ?

ಮೊದಲು ಕಾಳನ್ನು ನೋಡೋಣ. ಇ-ಕೋರ್ಟ್ ಯೋಜನೆ ಆರಂಭವಾದುದು 2007ರಲ್ಲಿ. 2015ರಲ್ಲಿ ಎರಡನೆಯ ಹಂತ ಬಂತು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿ ಒಪ್ಪಿತು. ಇದರ ಫಲವಾಗಿ ಜಿಲ್ಲಾ, ತಾಲ್ಲೂಕು ಕೋರ್ಟುಗಳ ಪ್ರತಿಯೊಂದು ಮೊಕದ್ದಮೆಗೂ ಹದಿನಾರು ಅಕ್ಷರ ಮತ್ತು ಅಂಕಿಗಳ ಒಂದು ಸಿ.ಎನ್.ಆರ್. ಸಂಖ್ಯೆ ಇದೆ. ಅದನ್ನು ಮೊಬೈಲಿನಲ್ಲಿ ಒತ್ತಿದರೆ ಮುಂದಿನ ತಾರೀಖು, ಹಿಂದಿನ ತಾರೀಖುಗಳಲ್ಲಿ ಏನು ನಡೆಯಿತು, ಯಾವ ಆದೇಶವಾಯಿತು ಎಂಬುದೆಲ್ಲ ಕಾಣುತ್ತದೆ. ತಾರೀಖು ಯಾವುದೆಂದು ತಿಳಿಯಲು ಗುಮಾಸ್ತನ ಮರ್ಜಿ ಕಾಯಬೇಕಾಗಿಲ್ಲ. ಇದು ಸಣ್ಣ ಮಾತಲ್ಲ.

ವ್ಯಾಪಾರಿಗಳಿಗೆ ಹತ್ತಿರದ ಇನ್ನೊಂದು ಉದಾಹರಣೆ ಕೇಳಿ. ಸರಕು ಕೊಟ್ಟು ಚೆಕ್ಕು ಪಡೆದು, ಅದು ವಾಪಸು ಬಂದು, ಕೋರ್ಟಿಗೆ ಅಲೆದವರು ಈ ಸಭೆಯಲ್ಲೂ ಇರಬಹುದು. ಇಂಥ ಮೊಕದ್ದಮೆಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯಿದೆಯೇ ಹೇಳುತ್ತದೆ, ನಡೆಯುವುದು ವರ್ಷಗಟ್ಟಲೆ. ಕೇರಳದ ಕೊಲ್ಲಂ ಪಟ್ಟಣದಲ್ಲಿ 2024ರ ನವೆಂಬರಿನಿಂದ ಚೆಕ್ಕಿನ ಮೊಕದ್ದಮೆಗಳಿಗೆಂದೇ ಒಂದು ಕೋರ್ಟು ನಡೆಯುತ್ತಿದೆ. ಅಲ್ಲಿ ದಿನದ 24 ಗಂಟೆಯಲ್ಲಿ ಯಾವಾಗ ಬೇಕಾದರೂ ಇದ್ದಲ್ಲಿಂದಲೇ ದೂರು ಸಲ್ಲಿಸಬಹುದು, ಫೀಸು ಕಟ್ಟಬಹುದು, ವೀಡಿಯೋ ಮೂಲಕ ಹಾಜರಾಗಬಹುದು. ಅಂಗಡಿಗೆ ಬೀಗ ಹಾಕುವ ಕೆಲಸ ತಪ್ಪಿತು. ಕೊಲ್ಲಂನಲ್ಲಿ ಆದದ್ದು ನಮ್ಮ ಊರಿನಲ್ಲಿ ಏಕಾಗಬಾರದು?

ಇನ್ನು ಜೊಳ್ಳಿನ ಮಾತು. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮೊಕದ್ದಮೆಗಳು ಬಾಕಿ ಇವೆ. ಈ ಲೆಕ್ಕವನ್ನು ನಮಗೆ ತೋರಿಸುವುದೂ ಯಂತ್ರವೇ. ಆದರೆ ಬಾಕಿಯನ್ನು ತೋರಿಸುವುದು ಬೇರೆ, ತೀರಿಸುವುದು ಬೇರೆ. ಹತ್ತು ಲಕ್ಷ ಜನರಿಗೆ ಸುಮಾರು ಹತ್ತು ನ್ಯಾಯಾಧೀಶರಿದ್ದ ಕಾಲದಲ್ಲಿ, 1987ರಲ್ಲಿ, ಕಾನೂನು ಆಯೋಗವು ಅದನ್ನು ಐವತ್ತಕ್ಕೆ ಏರಿಸಬೇಕೆಂದು ಹೇಳಿತು. ಇಂದಿಗೂ ಆ ಸಂಖ್ಯೆ ಇಪ್ಪತ್ತರ ಆಸುಪಾಸಿನಲ್ಲೇ ಇದೆ. ಮಂಜೂರಾದ ಹುದ್ದೆಗಳಲ್ಲೂ ಸಾವಿರಾರು ಖಾಲಿ. ಮಗ್ಗ ಎಷ್ಟೇ ಹೊಸದಾದರೂ ನಡೆಸುವ ಆಳಿಲ್ಲದೆ ಬಟ್ಟೆ ನೇಯಲು ಸಾಧ್ಯವೆ? ಕುರ್ಚಿ ಖಾಲಿ ಇರುವ ಕೋರ್ಟಿನಲ್ಲಿ ಗಣಕಯಂತ್ರ ಮಾಡುವುದೇನು? ಮುಂದಿನ ವಾಯಿದೆಯನ್ನು ಬೇಗ ತಿಳಿಸುತ್ತದೆ, ಅಷ್ಟೆ.

ಹಣ ಹೇಗೆ ಹಂಚಿದ್ದಾರೆ ನೋಡಿ. ಮೂರನೆಯ ಹಂತದಲ್ಲಿ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವುದಕ್ಕೆ ಸುಮಾರು 2,038 ಕೋಟಿ. ಮೊಬೈಲು ಬಾರದವರಿಗೆ ನೆರವಾಗುವ ಇ-ಸೇವಾ ಕೇಂದ್ರಗಳಿಗೆ ಸುಮಾರು 394 ಕೋಟಿ. ಕಡತ ಕಾಯುವುದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕಡತದ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅಕ್ಷರ ಬಾರದ ತಾಯಿಗೆ, ಕಣ್ಣು ಕಾಣದವರಿಗೆ ಈ ಹೊಸ ಬಾಗಿಲು ಗೋಡೆಯಾಗಬಾರದು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಇಂಥ ಸೌಲಭ್ಯಗಳು ಎಲ್ಲರ ಕೈಗೆಟುಕುವುದು ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ.

ಭಾಷೆಯ ಮಾತು ಇನ್ನೂ ಮುಖ್ಯ. ತನ್ನ ಬದುಕನ್ನು ತೀರ್ಮಾನಿಸುವ ಮಾತು ಕಕ್ಷಿದಾರನಿಗೇ ಅರ್ಥವಾಗದಿದ್ದರೆ ಅದು ಎಂಥ ಪ್ರಜಾಪ್ರಭುತ್ವ? ಲೋಹಿಯಾರವರಿಂದ ಹಿಡಿದು ಸಮಾಜವಾದಿಗಳು ಕೇಳುತ್ತ ಬಂದ ಪ್ರಶ್ನೆ ಇದು. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶಗಳ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶ ದೊರೆತಿದೆ. ಕರ್ನಾಟಕ ಕೇಳಿದರೂ ಕನ್ನಡಕ್ಕೆ ದೊರೆತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಸುವಾಸ್ ಎಂಬ ಅನುವಾದ ಯಂತ್ರವನ್ನು ತಂದಿತು. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲೂ ತೀರ್ಪು ಕೊಟ್ಟಿತು. ಸಂತೋಷ. ಆದರೆ ಅನುವಾದ ಭಿಕ್ಷೆಯಾಗಬಾರದು, ಹಕ್ಕಾಗಬೇಕು.

ತೀರ್ಪನ್ನೂ ಯಂತ್ರವೇ ಬರೆದರೇನು ಎನ್ನುವವರೂ ಹುಟ್ಟಿಕೊಂಡಿದ್ದಾರೆ. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ತನ್ನ ಕೆಳಗಿನ ಕೋರ್ಟುಗಳಿಗೆ, ತೀರ್ಮಾನಕ್ಕೆ ಬರುವ ಕೆಲಸಕ್ಕೆ ಕೃತಕ ಬುದ್ಧಿಯನ್ನು ಬಳಸಕೂಡದೆಂದು ವಿಧಿಸಿತು. ಇದೇ ಸರಿಯಾದ ದಾರಿ. ಮನುಷ್ಯನ ಕಷ್ಟವನ್ನು ತೂಗಬೇಕಾದವನು ಮನುಷ್ಯ. ಅವನು ಜನರಿಗೆ ಕಾರಣ ಹೇಳಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಸಂಘದ ಕಚೇರಿಯಲ್ಲಿ ಒಂದು ವಹಿ ಇಡೋಣ. ಪ್ರತಿ ಸದಸ್ಯನ ಸಿ.ಎನ್.ಆರ್. ಸಂಖ್ಯೆ, ಪ್ರತಿ ವಾಯಿದೆ, ಅದು ಮುಂದೆ ಹೋದ ಕಾರಣ, ಅಂದು ಕಳೆದ ಕೂಲಿ, ಎಲ್ಲವನ್ನೂ ಬರೆಯೋಣ. ಒಬ್ಬನ ಗೋಳು ಗೊಣಗಾಟ ಎನಿಸುತ್ತದೆ. ನೂರು ಜನರ ಲೆಕ್ಕವನ್ನು ಯಾರೂ ತಳ್ಳಿಹಾಕಲಾರರು. ಎರಡನೆಯದಾಗಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಕಾರ್ಖಾನೆ ಕೆಲಸಗಾರರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಪುಕ್ಕಟೆ ವಕೀಲರ ನೆರವು ಕೇಳುವ ಹಕ್ಕಿದೆ. ಅದನ್ನು ಕೇಳಿ ಪಡೆಯೋಣ. ಮೂರನೆಯದಾಗಿ, ಖಾಲಿ ಹುದ್ದೆ ತುಂಬಿರಿ, ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕನ್ನಡ ಬಲ್ಲ ಆಳಿರುವ ಸೇವಾ ಕೇಂದ್ರ ತೆರೆಯಿರಿ, ತೀರ್ಪಿನ ಕನ್ನಡ ನಕಲು ಕೊಡಿರಿ ಎಂದು ಒಕ್ಕೊರಲಿನಿಂದ ಒತ್ತಾಯಿಸೋಣ.

ಮಿತ್ರರೇ, ಯಂತ್ರ ಕೊಂಡದ್ದು ನಮ್ಮ ತೆರಿಗೆಯ ಹಣದಿಂದ. ಅದು ಕೋರ್ಟಿನ ಕಡತಗಳ ಧೂಳು ಹೊಡೆದರೆ ಸಾಲದು. ಜಗಲಿಯಲ್ಲಿ ಕಾದು ನಿಂತವನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಬೇಕು, ಕೈಯಲ್ಲಿ ತಾರೀಖಲ್ಲ, ತೀರ್ಪು ಕೊಟ್ಟು.