ಟರ್ಬೊಗೆ ನೀರಿನ ದಾರಿ



ಲೇಪಾಕ್ಷಿಯ ವೀರಭದ್ರ ದೇವಸ್ಥಾನಕ್ಕೆ ಬಂದವರು ತೂಗುಕಂಬದ ಅಡಿಯಲ್ಲಿ ಒಂದು ಬಟ್ಟೆ ತೂರಿಸಿ ನೋಡದೆ ಹೋಗುವುದಿಲ್ಲ. ಅಷ್ಟು ದೊಡ್ಡ ಕಲ್ಲುಕಂಬಕ್ಕೂ ನೆಲಕ್ಕೂ ನಡುವೆ ಒಂದು ಸಣ್ಣ ಸಂದು. ಇಂದು ನಾನು ಹೇಳಹೊರಟಿರುವುದು ಅದಕ್ಕಿಂತ ಬಹಳ ಸಣ್ಣದಾದ ಇನ್ನೊಂದು ಸಂದಿನ ವಿಚಾರ. ಅದು ಇರುವುದು ಎಂಜಿನ್ನಿನ ಪಕ್ಕದ ಟರ್ಬೊ ಎಂಬ ಯಂತ್ರದಲ್ಲಿ.

ಟರ್ಬೊ ನಮ್ಮ ಸೀಮೆಗೆ ಈಗ ಹೊಸದಲ್ಲ. ಡೀಸೆಲ್ ಲಾರಿಗಳಲ್ಲಿ ಇದೆ. ಪೆನುಕೊಂಡದ ಬಳಿ 2019ರಲ್ಲಿ ಶುರುವಾದ ಕಿಯಾ ಕಾರ್ಖಾನೆಯಿಂದ ಹೊರಬರುವ ಎಷ್ಟೋ ಕಾರುಗಳಲ್ಲಿ ಇದೆ. ಇವನ್ನು ನೋಡಿ ಕೆಲವು ಹುಡುಗರು ತಮ್ಮ ಹಳೆಯ ಕಾರಿಗೂ ಟರ್ಬೊ ತಂದು ಕೂಡಿಸುತ್ತಾರೆ. ಕೂಡಿಸುವುದಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಅದಕ್ಕೆ ನೀರು ಹೋಗುವ ಪೈಪಿನ ಬಗ್ಗೆ ಯೋಚಿಸುವುದೇ ಇಲ್ಲ.

ಟರ್ಬೊದಲ್ಲಿ ಒಂದೇ ಕಂಬಿಯ ಎರಡು ತುದಿಗೆ ಎರಡು ಚಕ್ರ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದಿದ್ದ. ಕಂಬಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಸಾಮಾನ್ಯ ಟರ್ಬೊದಲ್ಲಿ ಅದು ಬೇರಿಂಗಿಗೆ ತಾಗಿ ತಿರುಗುವುದಿಲ್ಲ. ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಎಂಜಿನ್ನಿನ ಹೊಗೆ, 900 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬೆಂಕಿ.

ಎಂಜಿನ್ ಓಡುವಾಗ ಎಣ್ಣೆ ಹರಿಯುತ್ತಾ ಈ ಬಿಸಿಯನ್ನು ಹೊತ್ತೊಯ್ಯುತ್ತದೆ. ಕಷ್ಟ ಶುರುವಾಗುವುದು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ ಮೇಲೆ. ಎಣ್ಣೆಯ ಪಂಪು ನಿಂತಿತು, ನೀರಿನ ಪಂಪೂ ನಿಂತಿತು. ಆದರೆ ಕಾದ ಕಬ್ಬಿಣ ತಣ್ಣಗಾಗಿಲ್ಲ. ಒಲೆ ಆರಿಸಿದ ಮೇಲೂ ಹೆಂಚು ದೋಸೆ ಸುಡುವ ಹಾಗೆ, ಆ ಬಿಸಿ ಬೇರಿಂಗಿನೊಳಕ್ಕೆ ಇಳಿಯುತ್ತದೆ. ಅಲ್ಲಿ ನಿಂತ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಕರಿ ಕಟ್ಟಿದ ಸಂದಿನಲ್ಲಿ ಕಂಬಿ ತೇಲುವುದು ಹೇಗೆ?

ಇದಕ್ಕಾಗಿಯೇ 1980ರ ದಶಕದಲ್ಲಿ ಕಾರು ಕಂಪನಿಗಳು ಬೇರಿಂಗಿನ ಸುತ್ತ ನೀರಿನ ಕೋಣೆ ಇರುವ ಟರ್ಬೊಗಳನ್ನು ಬಳಕೆಗೆ ತಂದವು. ಪಂಪು ನಿಂತ ಮೇಲೆ ನೀರು ಹರಿಯುವುದು ಹೇಗೆ ಎಂದು ನೀವು ಕೇಳಬಹುದು. ಮಾಳಿಗೆಯ ಮೇಲಿನ ಸೋಲಾರ್ ಹೀಟರನ್ನು ನೋಡಿ. ಅದಕ್ಕೆ ಪಂಪಿಲ್ಲ. ಕಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿನಿಂದ ಅದರ ಜಾಗಕ್ಕೆ ಬರುತ್ತದೆ. ಹೆಚ್ಚಿನ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಇಡೀ ಎಂಜಿನ್ನೇ ಹೀಗೆ ಪಂಪಿಲ್ಲದೆ ತಣಿಯುತ್ತಿತ್ತು. ಟರ್ಬೊದಲ್ಲೂ ಅದೇ ತತ್ವ. ಹಾಗಾಗಿ ಪೈಪಿನ ಏರಿಳಿತವೇ ಇಲ್ಲಿ ಮುಖ್ಯ.

ನಮ್ಮ ಅಕ್ಕನ ಮಗ ಸಾಲ ಮಾಡಿ ಒಂದು ಹಳೆ ಕಾರು ಕೊಂಡು, ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ಟರ್ಬೊ ಹಾಕಿಸಿದ. ಒಂದೇ ಬೇಸಿಗೆಯಲ್ಲಿ ಅದು ಶಿಳ್ಳೆ ಹೊಡೆದು, ನೀಲಿ ಹೊಗೆ ಬಿಟ್ಟು ನಿಂತಿತು. ಬಿಚ್ಚಿಸಿದಾಗ ಬೇರಿಂಗಿನ ತುಂಬ ಕರಿ. ನೀರಿನ ಪೈಪು ಹಾಕಿದ್ದರು ನಿಜ. ಆದರೆ ಟರ್ಬೊದಿಂದ ಹೊರಟ ಪೈಪು ಎಂಜಿನ್ನಿನ ಮೇಲೆ ಕಮಾನಿನ ಹಾಗೆ ಹತ್ತಿ, ಮತ್ತೆ ಕೆಳಗೆ ಇಳಿದಿತ್ತು. ಆ ಕಮಾನಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು ನೀರು ಮುಂದೆ ಸರಿಯಲೇ ಇಲ್ಲ. ಕಾರು ಆರು ತಿಂಗಳು ಮೂಲೆ ಸೇರಿತು. ಕಂತು ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕಾಯಿತು.

ಹಾಗಾದರೆ ಸರಿಯಾದ ದಾರಿ ಯಾವುದು? ನೀರು ಟರ್ಬೊದ ತಗ್ಗಿನ ಬಾಯಿಂದ ಒಳಗೆ ಹೋಗಬೇಕು, ಎತ್ತರದ ಬಾಯಿಂದ ಹೊರಗೆ ಬರಬೇಕು. ಅದಕ್ಕಾಗಿ ಟರ್ಬೊದ ನಡುಭಾಗವನ್ನು ಕೊಂಚ ಓರೆಯಾಗಿ ಕೂಡಿಸುತ್ತಾರೆ. ಹೊರಬಂದ ಪೈಪು ಎಲ್ಲಿಯೂ ತಗ್ಗದೆ, ಟರ್ಬೊಗಿಂತ ಎತ್ತರದಲ್ಲಿರುವ ನೀರಿನ ಟ್ಯಾಂಕಿನವರೆಗೂ ಏರುತ್ತಲೇ ಹೋಗಬೇಕು. ರೇಡಿಯೇಟರ್ ತಗ್ಗಿನಲ್ಲಿದ್ದರೆ ಎತ್ತರದಲ್ಲಿ ಒಂದು ಸಣ್ಣ ಟ್ಯಾಂಕು ಬೇಕು. ಎಂಜಿನ್ ತಣ್ಣಗಿದ್ದು ಥರ್ಮೋಸ್ಟಾಟ್ ಮುಚ್ಚಿದ್ದಾಗಲೂ ಹರಿವು ನಿಲ್ಲದ ಜಾಗದಿಂದ ನೀರು ತೆಗೆಯಬೇಕು. ಟರ್ಬೊದ ಹತ್ತಿರ ಬರೀ ರಬ್ಬರ್ ಬೇಡ, ಉಕ್ಕಿನ ಪೈಪು ಇರಲಿ. ಅದನ್ನು ಅಲುಗಾಡದಂತೆ ಬಿಗಿದಿರಬೇಕು. ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಹೊಸದಾಗಿ ಹಾಕಬೇಕು. ಕೊನೆಗೆ ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು.

ಇನ್ನು ನೀರಿನ ಮಾತು. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಬೋರಿನ ನೀರು ಎಂಥದೆಂದು ನಿಮಗೆ ಗೊತ್ತೇ ಇದೆ. ಬಚ್ಚಲ ಹಂಡೆಯಲ್ಲಿ ಬಿಳಿ ಹೆಪ್ಪಳಿಕೆ ಕಟ್ಟುವ ನೀರು ಟರ್ಬೊದ ಸಣ್ಣ ಕೋಣೆಯಲ್ಲೂ ಕಟ್ಟುತ್ತದೆ. ಆದ್ದರಿಂದ ಬೋರಿನ ನೀರು ಬೇಡ. ಕೂಲಂಟನ್ನು ಡಿಸ್ಟಿಲ್ಡ್ ನೀರಿಗೆ ಬೆರೆಸಿಯೇ ಹಾಕಿ. ಎಂಜಿನ್ ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಅದು ಕುಕ್ಕರಿನ ಹಾಗೆ. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದೊಡನೆ ಮುಖಕ್ಕೆ ಚಿಮ್ಮುತ್ತದೆ.

ವೇಗವಾಗಿ ಓಡಿಸಿಕೊಂಡು ಬಂದವರು ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ತಿರುಗಲು ಬಿಟ್ಟು ಆಮೇಲೆ ನಿಲ್ಲಿಸಿ. ನೀರಿನ ಪೈಪು ಸರಿಯಾಗಿದ್ದರೂ ಈ ಅಭ್ಯಾಸ ಒಳ್ಳೆಯದು. ಕೆಲವು ಹೊಸ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಒಂದು ಸಣ್ಣ ವಿದ್ಯುತ್ ಪಂಪು ನೀರು ಹರಿಸುತ್ತಿರುತ್ತದೆ. ಆ ಗುಂಯ್ ಸದ್ದು ಕೇಳಿ ಹೆದರಬೇಕಾಗಿಲ್ಲ.

ಕೊನೆಯದಾಗಿ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು ಬರಬಹುದು. ವೇಗದ ಆಸೆ ಇದ್ದವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಜಾಗಗಳಿವೆ. ನಮ್ಮ ದನಕರು, ಶಾಲೆ ಮಕ್ಕಳು ದಾಟುವ ರಸ್ತೆ ಅದಕ್ಕಲ್ಲ.

ಆದ್ದರಿಂದ ತಮ್ಮಂದಿರೇ, ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಆಮೇಲೆ ಗ್ಯಾರೇಜಿಗೆ ಹೋದರೆ ಕುದುರೆಶಕ್ತಿ ಎಷ್ಟು ಹೆಚ್ಚುತ್ತದೆ ಎಂದು ಕೇಳುವ ಮುನ್ನ, ಎಂಜಿನ್ ನಿಂತ ಮೇಲೆ ಟರ್ಬೊಗೆ ನೀರು ಯಾವ ದಾರಿಯಲ್ಲಿ ಬರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳಿ. ಅದನ್ನು ಬೆರಳಿಟ್ಟು ತೋರಿಸಬಲ್ಲ ಮೆಕ್ಯಾನಿಕ್ಕಿಗೆ ಮಾತ್ರ ನಿಮ್ಮ ಕಾರಿನ ಕೀಲಿ ಕೊಡಿ.